ಅಪ್‌ಡೇಟ್: ರೀಸೇಲ್ ಫ್ಲ್ಯಾಟ್‌ಗೆ ಇನ್‌ಸ್ಪೆಕ್ಷನ್ ಮಾಡಿಸಿದೆವು

ಬೆಂಗಳೂರಲ್ಲಿ ಹಳೇ ಫ್ಲ್ಯಾಟ್ ಕೊಳ್ಳುವ ಮೊದಲು ಇನ್‌ಸ್ಪೆಕ್ಷನ್ ಬೇಕಾ ಅಂತ ಕೇಳಿದ್ದೆ. ಖಂಡಿತ ಮಾಡಿಸಿ.

ಬಂದವರು ಟೈಲ್ಸ್ ಒಂದೊಂದಾಗಿ ತಟ್ಟಿ ನೋಡಿದರು. ಅಡಿಯಲ್ಲಿ ಸಿಮೆಂಟ್ ಸರಿಯಾಗಿ ಕೂರದ ಕಡೆ ಟೊಳ್ಳು ಸದ್ದು ಬರುತ್ತದೆ. ಬಾತ್‌ರೂಮಿನಲ್ಲಿ ನೀರು ಸುರಿದು ಇಳಿಜಾರು ನೋಡಿದರು. ಅದರ ಪಕ್ಕದ ಬೆಡ್‌ರೂಮ್ ಗೋಡೆಗೆ ಹೊಸ ಪೇಂಟ್ ಹೊಡೆದಿದ್ದರು, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಮಾಯಿಶ್ಚರ್ ಮೀಟರ್ ಇಟ್ಟರೆ ಮೊಣಕಾಲೆತ್ತರದವರೆಗೂ ತೇವ! ಅರ್ಥಿಂಗ್ ಇದೆಯಾ, ಕರೆಂಟ್ ಸೋರಿದರೆ ಸಪ್ಲೈ ಕಡಿತ ಮಾಡುವ 30 ಮಿಲಿಆಂಪ್ ಆರ್‌ಸಿಸಿಬಿ ಸ್ವಿಚ್ ಟ್ರಿಪ್ ಆಗುತ್ತಾ ಅಂತಲೂ ಪರೀಕ್ಷಿಸಿದರು.

ಗೋಡೆ ಒಡೆದು ನೋಡುವುದಿಲ್ಲ, ಒಳಗಿನ ಪೈಪಿಗೆ ಗ್ಯಾರಂಟಿ ಸಿಗಲ್ಲ. ಖಾತಾ, ಇಸಿ (ಋಣಭಾರ ಪತ್ರ) ಥರದ ಆಸ್ತಿ ದಾಖಲೆ ನೋಡುವುದು ವಕೀಲರ ಕೆಲಸ.

ಫೋಟೋ ಸಮೇತ ರಿಪೋರ್ಟ್ ತೋರಿಸಿದ ಮೇಲೆ ಮಾಲೀಕರು ವಾಟರ್‌ಪ್ರೂಫಿಂಗ್ ಮಾಡಿಸಿಕೊಡಲು ಒಪ್ಪಿದ್ದಾರೆ. ಅದು ಮುಗಿದ ಮೇಲೇ ಅಗ್ರಿಮೆಂಟ್. ಸಲಹೆ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.