ಲಾರಿ ಡಿಫರೆನ್ಷಿಯಲ್: ಗುಜರಿ ಗಾಡಿಯದ್ದು ಹಾಕಿಸಲೋ, ರೀಬಿಲ್ಡ್ ಮಾಡಿದ್ದೋ?

ಹತ್ತು ಚಕ್ರ (ಪ್ರಶ್ನೆ):
ನಮ್ಮ ಲಾರಿಯ ಹಿಂದಿನ ಆಕ್ಸಲ್ ಕೂಗುತ್ತಿದೆ. ಎಕ್ಸಲರೇಟರ್ ಒತ್ತಿದಾಗ ಜಾಸ್ತಿ, ಕಾಲು ತೆಗೆದರೆ ಕಡಿಮೆ. ಆಯಿಲ್ ಬಸಿದಾಗ ಡ್ರೈನ್ ಪ್ಲಗ್‌ನ ಮ್ಯಾಗ್ನೆಟ್‌ಗೆ ಲೋಹದ ಚೂರುಗಳು ಅಂಟಿಕೊಂಡಿದ್ದವು. ಗುಜರಿ ಗಾಡಿಯಿಂದ ಬಿಚ್ಚಿದ ಡಿಫರೆನ್ಷಿಯಲ್ (ಎಂಜಿನ್ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಜೋಡಣೆ) ಕಡಿಮೆ ದುಡ್ಡಿಗೆ ಸಿಗುತ್ತಿದೆ. ಅದನ್ನೇ ಹಾಕಿಸಲಾ? ಅಥವಾ ನಮ್ಮದರಲ್ಲೇ ಪಿನಿಯನ್ (ಒಳಗಿನ ಚಿಕ್ಕ ಹಲ್ಲುಚಕ್ರ) ಒಂದನ್ನು ಬದಲಿಸಿದರೆ ಸಾಕಾ?

ಹಳೇ ಡ್ರೈವರ್:
ಬೂದು ಬಣ್ಣದ ನುಣ್ಣನೆ ಪುಡಿ ಇದ್ದಿದ್ದರೆ ಚಿಂತೆ ಇರಲಿಲ್ಲ, ಅದು ಸವೆತ ಅಷ್ಟೇ. ಚೂರು ಬಂದಿದೆ ಅಂದ ಮೇಲೆ ಗಾಡಿ ಓಡಿಸಬೇಡಿ.

ರೀಬಿಲ್ಡ್ ಮನೆ:
ಅಪ್ಪ, ಚಿಕ್ಕಪ್ಪ, ನಾನು, ತಂಗಿ, ಎಲ್ಲರೂ ಹಳೇ ಡಿಫರೆನ್ಷಿಯಲ್ ಬಿಚ್ಚಿ ಮತ್ತೆ ಕಟ್ಟುವ, ಅಂದರೆ ರೀಬಿಲ್ಡ್ ಮಾಡುವ ಕೆಲಸದಲ್ಲಿದ್ದೇವೆ. ದಯವಿಟ್ಟು ಪಿನಿಯನ್ ಒಂದನ್ನೇ ಬದಲಿಸಬೇಡಿ. ಕ್ರೌನ್ ವೀಲ್ (ಪಿನಿಯನ್ ತಿರುಗಿಸುವ ದೊಡ್ಡ ಹಲ್ಲುಚಕ್ರ), ಪಿನಿಯನ್ ಎರಡೂ ಜೋಡಿಯಾಗಿಯೇ ಬರುತ್ತವೆ. ಎರಡರ ಮೇಲೂ ಹೊಂದುವ ಸೆಟ್ ನಂಬರ್ ಇರುತ್ತದೆ. ಜೋಡಿ ತಪ್ಪಿಸಿದರೆ ಕೂಗು ಹೋಗಲ್ಲ, ಹಲ್ಲೂ ಬೇಗ ಹೋಗುತ್ತದೆ.

ಗುಜರಿ ಗಾಡಿಯದ್ದೆಲ್ಲ ಕೆಟ್ಟದ್ದು ಅಂತಲ್ಲ. ಆದರೆ ಬಿಚ್ಚಿ ನೋಡದೆ ಅದು ಚೆನ್ನಾಗಿದೆ ಅಂತ ಯಾರೂ ಹೇಳೋಕಾಗಲ್ಲ. ನಮ್ಮಲ್ಲಿ ಎಲ್ಲವನ್ನೂ ಪೂರ್ತಿ ಬಿಚ್ಚಿ, ತೊಳೆದು, ಬಿರುಕು ಇದೆಯಾ ಅಂತ ನೋಡುತ್ತೇವೆ. ಬೇರಿಂಗ್, ಸೀಲ್ ಹೊಸವೇ.

ಕಟ್ಟುವಾಗ ಅಪ್ಪ ಕ್ರೌನ್ ವೀಲ್‌ನ ಹಲ್ಲುಗಳಿಗೆ ಬಣ್ಣ ಹಚ್ಚುತ್ತಾರೆ. ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡಿದು ಇನ್ನೊಂದರಲ್ಲಿ ಪಿನಿಯನ್ ತಿರುಗಿಸುತ್ತಾರೆ. ಹಲ್ಲಿಗೆ ಹಲ್ಲು ತಾಗಿದ ಕಡೆ ಬಣ್ಣ ಅಳಿಸಿ ಉಕ್ಕು ಹೊಳೆಯುತ್ತದೆ. ಆ ಗುರುತು ಹಲ್ಲಿನ ನೆತ್ತಿಯಲ್ಲಿ ಬಿದ್ದರೆ ಪಿನಿಯನ್ ಕ್ರೌನ್ ಕಡೆಗೆ ಸರಿಯಬೇಕು, ಬುಡದಲ್ಲಿ ಬಿದ್ದರೆ ಆಚೆಗೆ. ಶಿಮ್ (ಸಂದಿಗೆ ಇಡುವ ತೆಳು ಲೋಹದ ಬಿಲ್ಲೆ) ಬದಲಿಸುತ್ತಾ ಗುರುತು ಸರಿಯಾದ ಜಾಗಕ್ಕೆ ಬರುವ ತನಕ ಅವರು ಏಳಲ್ಲ. ನಿಮ್ಮ ದುಡ್ಡು ಹೋಗುವುದು ಈ ಕೆಲಸಕ್ಕೆ. ಆಮೇಲೆ ಡಯಲ್ ಗೇಜ್ ಇಟ್ಟು ಹಲ್ಲುಗಳ ನಡುವಿನ ಪ್ಲೇ, ಅಂದರೆ ಸಡಿಲ, ಎಷ್ಟಿದೆ ಅಂತ ನೋಡುತ್ತಾರೆ. ಹಳೇ ಜೋಡಿಯನ್ನೇ ಮತ್ತೆ ಹಾಕುವುದಾದರೆ ಬಿಚ್ಚುವ ಮುಂಚೆ ಎಷ್ಟು ಪ್ಲೇ ಇತ್ತೋ ಅಷ್ಟೇ ಇಡಬೇಕು. ಸವೆದ ಹಲ್ಲಿಗೆ ಹೊಸ ಹಲ್ಲಿನ ಅಳತೆ ಒಗ್ಗಲ್ಲ.

ಯಾವುದನ್ನೇ ಹಾಕಿಸಿ, ಆಕ್ಸಲ್ ಕೊಳವೆಯ ಒಳಗೆಲ್ಲ ತೊಳೆಸಿ. ಚಕ್ರದ ಹಬ್‌ಗಳಿಗೂ ಅದೇ ಆಯಿಲ್ ಹೋಗುವ ಆಕ್ಸಲ್ ಆದರೆ ಅವನ್ನೂ ಬಿಡಬೇಡಿ. ಅಲ್ಲಿ ಕೂತ ಹಳೇ ಚೂರು ಹೊಸ ಬೇರಿಂಗನ್ನು ತಿಂದು ಹಾಕುತ್ತದೆ. ಬ್ರೀದರ್ (ಆಕ್ಸಲ್ ಒಳಗಿನ ಗಾಳಿ ಹೊರಹೋಗುವ ಕಿಂಡಿ) ಕಟ್ಟಿಕೊಂಡಿದೆಯಾ ಅಂತಲೂ ನೋಡಿಸಿ. ಕಟ್ಟಿದರೆ ಒಳಗೆ ಒತ್ತಡ ಏರಿ ಸೀಲ್‌ನಿಂದ ಆಯಿಲ್ ಸೋರುತ್ತದೆ.

ಹತ್ತು ಚಕ್ರ:
ಸರಿ, ರೀಬಿಲ್ಡ್ ಮಾಡಿದ್ದನ್ನೇ ಹಾಕಿಸುತ್ತೇನೆ. ಹಳೇದನ್ನು ಗುಜರಿಗೆ ಹಾಕಲಾ?

ರೀಬಿಲ್ಡ್ ಮನೆ:
ಬೇಡ, ರೀಬಿಲ್ಡ್ ಮಾಡುವವರಿಗೇ ಕೊಡಿ. ಎಷ್ಟೋ ಕಡೆ ಹಳೇದು ವಾಪಸ್ ಕೊಟ್ಟರೆ ಬೆಲೆಯಲ್ಲಿ ಕಳೆಯುತ್ತಾರೆ. ಎರಕದ ಹೌಸಿಂಗ್ (ಗೇರ್‌ಗಳನ್ನು ಹಿಡಿದಿಡುವ ಕವಚ) ಬಿರುಕು ಬಿಡದಿದ್ದರೆ ಮತ್ತೊಂದು ಸಲ ದುಡಿಯುತ್ತದೆ. ಅದನ್ನು ಕರಗಿಸಿಬಿಡೋದು ನನಗೆ ನಿಜಕ್ಕೂ ಸಂಕಟ. ಆಯಿಲ್ ಬಸಿದು ಕೊಡಿ, ನೀವಾಗಿ ಬಿಚ್ಚಬೇಡಿ. ಬೇರಿಂಗ್ ಕ್ಯಾಪ್‌ಗಳನ್ನು ಹೌಸಿಂಗ್ ಜೊತೆಗೇ ಕೊರೆದಿರುತ್ತಾರೆ. ಅವು ಅದಲುಬದಲಾದರೆ ಅಳತೆ ಕೆಡುತ್ತದೆ.

ಇನ್ನೊಂದು ಮಾತು. ಅದೇ ಆಕ್ಸಲ್‌ನ ಪಾರ್ಕಿಂಗ್ ಬ್ರೇಕ್ ಚೇಂಬರ್ (ಬ್ರೇಕ್ ಹಿಡಿಸುವ ಸ್ಪ್ರಿಂಗ್ ಇರುವ ಡಬ್ಬಿ) ಬದಲಿಸುವುದಿದ್ದರೆ ಹಳೇದನ್ನು ಹಾಗೇ ಗುಜರಿಗೆ ಎಸೆಯಬೇಡಿ. ಒಳಗಿನ ಸ್ಪ್ರಿಂಗ್ ಅದುಮಿ ಕೂತಿರುತ್ತದೆ. ಯಾರಾದರೂ ಗೊತ್ತಿಲ್ಲದೆ ಕ್ಲಾಂಪ್ ಬಿಚ್ಚಿದರೆ ಜೀವವೇ ಹೋಗಬಹುದು. ಸ್ಪ್ರಿಂಗ್‌ನ ಒತ್ತಡವನ್ನು ಸುರಕ್ಷಿತವಾಗಿ ತೆಗೆಯುವ ಸಲಕರಣೆ ಇರುವವರ ಕೈಗೇ ಅದು ಹೋಗಲಿ.