ಸೀತಾ ನದಿಯ ಹಿನ್ನೀರಿನಲ್ಲಿ ಮನೆಮಂದಿಯೊಂದಿಗೆ ಕಯಾಕಿಂಗ್: ಯಾವ ಹೊತ್ತಿಗೆ, ಎಲ್ಲಿಯವರೆಗೆ?

ಪ್ರಶ್ನೆ (ಬೆಂಗಳೂರಿನ ಸದಸ್ಯೆ):

ನಮಸ್ಕಾರ ಸರ್. ಡಿಸೆಂಬರ್ ಕೊನೆಯ ವಾರ ನಾವು ಐದು ಜನ ಸಾಲಿಗ್ರಾಮಕ್ಕೆ ಬರುತ್ತಿದ್ದೇವೆ. ಪಾರಂಪಳ್ಳಿಯ ಕಡೆ ಸೀತಾ ನದಿಯ ಹಿನ್ನೀರಿನಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಕಯಾಕ್‌ನಲ್ಲಿ ಹೋಗಬೇಕೆಂಬುದು ಮಗಳ ಆಸೆ. ಅವಳಿಗೆ 9 ವರ್ಷ, ಈಜುಕೊಳದಲ್ಲಿ ಚೆನ್ನಾಗಿ ಈಜುತ್ತಾಳೆ. ಅಪ್ಪನಿಗೆ 63 ವರ್ಷ, ಈಜು ಬಾರದು, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ನನ್ನ ತಮ್ಮ ಗಾಳಿ ತುಂಬುವ ಕಯಾಕ್ ಒಂದನ್ನು ಆನ್‌ಲೈನ್‌ನಲ್ಲಿ ಕೊಂಡಿದ್ದಾನೆ. ಸಂಜೆ ನಾಲ್ಕಕ್ಕೆ ಹೊರಟು ಕೋಡಿ ಬೆಂಗ್ರೆಯ ಅಳಿವೆಯವರೆಗೆ ಹೋಗಿ ಸೂರ್ಯಾಸ್ತ ನೋಡಿಕೊಂಡು ಬರೋಣ ಎನ್ನುವುದು ಅವನ ಯೋಜನೆ. ಇದು ಸರಿಯೇ? ಏನೇನು ತರಬೇಕು?

ಉತ್ತರ (ಕಯಾಕಿಂಗ್ ತರಬೇತುದಾರ, ಕುಂದಾಪುರ):

ನಮಸ್ಕಾರ ಮೇಡಂ. ಏನು ತರಬೇಕೆಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ಸಂಜೆಯ ಯೋಜನೆಯನ್ನು ದಯವಿಟ್ಟು ಕೈಬಿಡಿ.

ಸೀತಾ ಮತ್ತು ಸ್ವರ್ಣಾ ನದಿಗಳು ಕೂಡಿ ಸಮುದ್ರ ಸೇರುವ ಜಾಗ ಕೋಡಿ ಬೆಂಗ್ರೆ. ಎರಡು ನದಿಗಳ ಇಷ್ಟಗಲದ ನೀರೆಲ್ಲ ಅಲ್ಲಿ ಒಂದೇ ಕಿರಿದಾದ ಬಾಗಿಲಿನಿಂದ ಹೊರಗೆ ಹೋಗಬೇಕು. ಇಳಿತದ ಹೊತ್ತಿನಲ್ಲಿ ಆ ಸೆಳೆತ ಎಷ್ಟಿರುತ್ತದೆಂದು ದಡದಲ್ಲಿ ನಿಂತವರಿಗೆ ಗೊತ್ತಾಗುವುದಿಲ್ಲ, ಏಕೆಂದರೆ ಮೇಲ್ಮೈ ನುಣ್ಣಗೆ ಕಾಣುತ್ತದೆ. ಹೊಸಬರು ಹುಟ್ಟು ಹಾಕಿ ಗಂಟೆಗೆ ಮೂರು, ಹೆಚ್ಚೆಂದರೆ ನಾಲ್ಕು ಕಿಲೋಮೀಟರ್ ಸಾಗಬಲ್ಲರು. ಸೆಳೆತ ಅಷ್ಟೇ ಇದ್ದರೂ ನೀವು ಎಷ್ಟು ಹುಟ್ಟು ಹಾಕಿದರೂ ನಿಂತಲ್ಲೇ ಇರುತ್ತೀರಿ. ಹೆಚ್ಚಿದ್ದರೆ ಹಿಂದಕ್ಕೆ, ಅಂದರೆ ಕಡಲಿನ ಕಡೆಗೆ ಹೋಗುತ್ತೀರಿ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಮುಳುಗುವುದು ಸಂಜೆ ಆರೂಕಾಲರ ಆಸುಪಾಸಿನಲ್ಲಿ. ಆಮೇಲೆ ಅರ್ಧ ಗಂಟೆಯೊಳಗೆ ಕತ್ತಲೆ. ದಣಿದ ಕೈಗಳಲ್ಲಿ, ಕತ್ತಲೆಯಲ್ಲಿ, ಮಗುವನ್ನು ಕೂರಿಸಿಕೊಂಡು ಹಿಂದಿರುಗುವ ಸ್ಥಿತಿ ಯಾರಿಗೂ ಬೇಡ. ಸೂರ್ಯಾಸ್ತವನ್ನು ಬೆಂಗ್ರೆಯ ಮರಳಿನ ಮೇಲೆ ಕುಳಿತು ನೋಡಿ, ಅಲ್ಲಿಯವರೆಗೆ ರಸ್ತೆಯೇ ಇದೆ.

ಈ ನದಿಯಲ್ಲಿ ನಿಮ್ಮ ಗಡಿಯಾರ ನಡೆಯುವುದಿಲ್ಲ, ಉಬ್ಬರ ಇಳಿತದ ಗಡಿಯಾರವೇ ನಡೆಯುವುದು. ಉಬ್ಬರಕ್ಕೆ ನಮ್ಮ ಮೀನುಗಾರರು ಭರತ ಎನ್ನುತ್ತಾರೆ. ಸುಮಾರು ಆರು ಗಂಟೆ ನೀರು ಏರುತ್ತದೆ, ಸುಮಾರು ಆರು ಗಂಟೆ ಇಳಿಯುತ್ತದೆ, ಪ್ರತಿದಿನ ಈ ವೇಳೆ ಹೆಚ್ಚುಕಡಿಮೆ 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಸುತ್ತಿನ ದಿನಗಳಲ್ಲಿ ಏರಿಳಿತ ದೊಡ್ಡದು, ಸೆಳೆತವೂ ಜೋರು. ಅಷ್ಟಮಿಯ ಆಸುಪಾಸಿನಲ್ಲಿ ನೀರು ಸಮಾಧಾನವಾಗಿರುತ್ತದೆ. ಹಾಗಾಗಿ ದಿನ ಗೊತ್ತುಮಾಡುವ ಮೊದಲು ಮನೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿ. ಮಲ್ಪೆಯ ಉಬ್ಬರದ ವೇಳಾಪಟ್ಟಿ ಅಂತರ್ಜಾಲದಲ್ಲಿ ಸಿಗುತ್ತದೆ. ಹೈದರಾಬಾದಿನ ಇನ್ಕಾಯ್ಸ್ ಸಂಸ್ಥೆ ಉಬ್ಬರದ ಜೊತೆಗೆ ಎತ್ತರದ ಅಲೆಗಳ ಮುನ್ಸೂಚನೆಯನ್ನೂ ಕೊಡುತ್ತದೆ. ಕಡಲತೀರದ ವೇಳೆಗಿಂತ ನದಿಯ ಒಳಗೆ ಉಬ್ಬರ ತುಸು ತಡವಾಗಿ ಮುಟ್ಟುತ್ತದೆ ಎಂಬುದು ನೆನಪಿರಲಿ.

ನೀವು ಬರುವ ದಿನ ಒಳಗಿನ ಉಬ್ಬರದ ತುದಿ ಬೆಳಿಗ್ಗೆ 9.30ಕ್ಕೆ ಎಂದಿಟ್ಟುಕೊಳ್ಳಿ. 7.30ಕ್ಕೆ ನೀರಿಗಿಳಿಯಿರಿ. ಏರುವ ನೀರೇ ನಿಮ್ಮನ್ನು ಮೇಲಕ್ಕೆ ತಳ್ಳಿಕೊಂಡು ಹೋಗುತ್ತದೆ. 8.30ರಿಂದ 9.30ರ ನಡುವೆ ಕಾಂಡ್ಲಾ ಸಂದಿಗಳಲ್ಲಿ ಸುತ್ತಾಡಿ, ಆಗ ಅಲ್ಲಿ ನೀರು ತುಂಬಿರುತ್ತದೆ. ಇಳಿತ ಶುರುವಾಗುತ್ತಿದ್ದಂತೆ ಅದರ ಜೊತೆಯಲ್ಲೇ ಹಗುರಾಗಿ ಹಿಂದಿರುಗಿ, 10.30ಕ್ಕೆ ದಡದಲ್ಲಿರಿ. ಇಳಿತ ರಭಸ ಪಡೆಯುವುದು ಮೂರನೆಯ, ನಾಲ್ಕನೆಯ ಗಂಟೆಯಲ್ಲಿ, ಅಷ್ಟರೊಳಗೆ ನಿಮ್ಮ ತಿಂಡಿಯೂ ಮುಗಿದಿರುತ್ತದೆ. ಹೋಗುವಾಗಲೂ ಬರುವಾಗಲೂ ನದಿ ನಿಮ್ಮ ಕಡೆಗೇ ಇರುವುದರಿಂದ ನಾಲ್ಕೈದು ಕಿಲೋಮೀಟರ್ ಸುತ್ತಿದರೂ ಅಪ್ಪನವರಿಗೆ ಭುಜ ನೋಯುವುದಿಲ್ಲ. ಬೆಳಗಿನ ಹೊತ್ತೇ ಬೇಕು ಎನ್ನಲು ಇನ್ನೊಂದು ಕಾರಣ ಗಾಳಿ. ಮಧ್ಯಾಹ್ನದ ಹೊತ್ತಿಗೆ ಕಡಲ ಕಡೆಯಿಂದ ಪಡುಗಾಳಿ ಏಳುತ್ತದೆ. ಇಳಿಯುವ ನೀರಿಗೆ ಎದುರಾಗಿ ಗಾಳಿ ಬೀಸಿದರೆ ಹಿನ್ನೀರಿನಲ್ಲೂ ಚಿಕ್ಕ ಚಿಕ್ಕ ಚೂಪು ಅಲೆಗಳೇಳುತ್ತವೆ.

ಆ ವಾರ ಬೆಳಿಗ್ಗೆ ಉಬ್ಬರ ಇಲ್ಲದಿದ್ದರೆ? ದಿನ ಬದಲಿಸಿ, ಇಲ್ಲವೇ ಕಾಂಡ್ಲಾದ ಒಳಗೆ ಹೋಗದೆ ಅಗಲವಾದ ನೀರಿನಲ್ಲೇ ಒಂದು ಗಂಟೆ ಕಳೆಯಿರಿ. ನೀರಿಳಿದಾಗ ಆ ಸಂದಿಗಳಲ್ಲಿ ಸಿಕ್ಕಿಬಿದ್ದರೆ ಕಯಾಕ್‌ನಿಂದ ಕೆಳಗಿಳಿಯಬೇಡಿ. ಕಾಲು ಕೆಸರಿನಲ್ಲಿ ತೊಡೆಯವರೆಗೂ ಹೂತುಕೊಳ್ಳುತ್ತದೆ.

ಪ್ರಶ್ನೆ (ಅದೇ ಸದಸ್ಯೆ):

ತಮ್ಮನಿಗೆ ತೋರಿಸಿದೆ ಸರ್, ಬೆಳಗಿನ ಯೋಜನೆಗೆ ಒಪ್ಪಿದ. ಆದರೆ ಅವನ ಕಯಾಕ್? ಲೈಫ್ ಜಾಕೆಟ್‌ಗಳೂ ಅದರ ಜೊತೆಗೇ ಬಂದಿವೆ.

ಉತ್ತರ:

ಗಾಳಿ ತುಂಬುವ ಕಯಾಕ್ ಹಗುರ, ನೀರಿನ ಮೇಲೆ ಎತ್ತರಕ್ಕೆ ಕೂರುತ್ತದೆ, ಹಾಗಾಗಿ ಗಾಳಿ ಹೇಳಿದ ಕಡೆಗೆ ಹೋಗುತ್ತದೆ. ಕೆರೆಯಲ್ಲಿ ಆಡಲು ಅಡ್ಡಿಯಿಲ್ಲ. ಇಲ್ಲಿ ಕಾಂಡ್ಲಾ ಬೇರುಗಳಿಗೂ ಕಲ್ಲುಗಳಿಗೂ ಕಚ್ಚಿಕೊಂಡಿರುವ ಚಿಪ್ಪುಗಳು ಬ್ಲೇಡಿನಷ್ಟು ಹರಿತ. ಅದನ್ನು ಬೆಂಗಳೂರಿನಲ್ಲೇ ಬಿಟ್ಟು ಬನ್ನಿ. ಇಲ್ಲಿ ಬಾಡಿಗೆಗೆ ಸಿಗುವ ಗಟ್ಟಿ ಪ್ಲಾಸ್ಟಿಕ್ಕಿನ, ಮೇಲೆ ಕೂರುವ ಮಾದರಿಯ ಇಬ್ಬರ ಕಯಾಕ್ ನಿಮಗೆ ಸರಿ. ಮಗಳು ಮುಂದೆ, ನೀವು ಹಿಂದೆ. ದಿಕ್ಕು ಹಿಡಿಯುವವರು ಹಿಂದಿರಬೇಕು. ಅಪ್ಪನವರು ಮುಂದೆ, ಅವರ ಹಿಂದೆ ಮಾರ್ಗದರ್ಶಕ. ಈ ಒಂದು ಮಾತನ್ನು ಮೊದಲೇ ಕೇಳಿ ಖಚಿತಪಡಿಸಿಕೊಳ್ಳಿ.

ಜಾಕೆಟ್ ವಿಷಯದಲ್ಲಿ ನಾನು ಯಾರ ಮಾತಿಗೂ ಸಡಿಲ ಬಿಡುವುದಿಲ್ಲ. ಒಳಗಿನ ಚೀಟಿಯಲ್ಲಿ ಎಷ್ಟು ತೂಕದವರಿಗೆ ಎಂದು ಬರೆದಿರುತ್ತದೆ, ನ್ಯೂಟನ್ ಲೆಕ್ಕದಲ್ಲಿ ತೇಲುವ ಬಲವೂ ಇರುತ್ತದೆ. 50 ನ್ಯೂಟನ್ನಿನದು ಈಜು ಬಲ್ಲವರಿಗೆ. ಈಜು ಬಾರದ ಅಪ್ಪನವರಿಗೆ 100 ನ್ಯೂಟನ್ನಿನ, ಕುತ್ತಿಗೆಯ ಹಿಂದೆ ದಿಂಬಿರುವ ಜಾಕೆಟ್ ಬೇಕು. ಮಗಳಿಗೆ ಮಕ್ಕಳ ಅಳತೆಯದೇ ಆಗಬೇಕು, ತೊಡೆಸಂದಿಯ ಪಟ್ಟಿಯೂ ಇರಬೇಕು. ದೊಡ್ಡವರದನ್ನು ಬಿಗಿದು ಕಟ್ಟಿದರೆ ನೀರಿನಲ್ಲಿ ಮಗು ಕೆಳಗೆ ಜಾರಿ ಜಾಕೆಟ್ ಮಾತ್ರ ಮೇಲೆ ತೇಲುತ್ತದೆ. ಎಲ್ಲ ಬಕಲ್ ಹಾಕಿದ ಮೇಲೆ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿ ನೋಡಿ. ಗಲ್ಲ ದಾಟಿ ಮೇಲೆ ಬಂದರೆ ಅದು ಸಡಿಲ.

ಕೆಲವು ವರ್ಷಗಳ ಹಿಂದೆ ಇಬ್ಬರು ಹುಡುಗರು ಮಧ್ಯಾಹ್ನದ ಇಳಿತದಲ್ಲಿ ಸಿಕ್ಕಿ ಅಳಿವೆಯ ಕಡೆಗೆ ಹೋಗುತ್ತಿದ್ದುದನ್ನು ನೋಡಿ ನಾನು ಹಿಂದೆಯೇ ಹೋದೆ. ನಾನು ತಲುಪುವ ಮೊದಲೇ ಅವರ ಕಯಾಕ್ ಮಗುಚಿತ್ತು. ಎರಡೂ ಜಾಕೆಟ್ ಇದ್ದವು, ಆದರೆ ಸೀಟಿನ ಹಿಂದೆ ಕಟ್ಟಿಟ್ಟಿದ್ದರು. ನೀರಿನಲ್ಲಿ ಇದ್ದುಕೊಂಡು ಜಾಕೆಟ್ ತೊಡುವುದು ಆಗದ ಕೆಲಸ. ಬಲೆ ಎಳೆಯುತ್ತಿದ್ದ ದೋಣಿಯವರು ಹಗ್ಗ ಎಸೆದಿದ್ದರಿಂದ ಇಬ್ಬರೂ ಉಳಿದರು. ಅವತ್ತಿನಿಂದ ಜಾಕೆಟ್ ತೊಟ್ಟು ಬಕಲ್ ಹಾಕದವರನ್ನು ದಡ ಬಿಡಲು ನಾನು ಬಿಟ್ಟಿಲ್ಲ.

ಪ್ರತಿಕ್ರಿಯೆ (ಬೆಂಗ್ರೆಯ ಸದಸ್ಯ):

ಅಣ್ಣ, ಬಲೆಯ ವಿಷಯವನ್ನೂ ಹೇಳಿ. ಕಳೆದ ವರ್ಷ ಪ್ರವಾಸಿಗರು ಬಲೆಯ ಮೇಲೆಯೇ ಹಾದು ಹೋಗಿ ನಮ್ಮ ಮನೆಯ ಬಲೆ ಹರಿಯಿತು.

ಉತ್ತರ:

ಹೌದು ತಮ್ಮಾ, ಅದನ್ನು ಮೊದಲೇ ಹೇಳಬೇಕಿತ್ತು. ಸಾಲಾಗಿ ತೇಲುವ ಬಾಟಲಿ, ಥರ್ಮಾಕೋಲ್ ತುಂಡುಗಳು ಕಂಡರೆ ಅದರ ಕೆಳಗೆ ಬಲೆ ಇದೆ. ಆ ಸಾಲು ಮುಗಿಯುವ ತುದಿಯವರೆಗೆ ಹೋಗಿ ಸುತ್ತಿ ಬನ್ನಿ. ಅದು ಒಂದು ಮನೆಯ ಅನ್ನ. ಮಗುಚಿದಾಗ ಕಾಲಿಗೆ ಸುತ್ತಿಕೊಂಡರೆ ನಿಮ್ಮ ಪ್ರಾಣಕ್ಕೂ ಅಪಾಯ. ಮೀನುಗಾರರ ದೋಣಿ ಎದುರಾದರೆ ದಾರಿ ಬಿಟ್ಟು, ಯಾವ ಕಡೆ ಹೋಗಲಿ ಎಂದು ಅವರನ್ನೇ ಕೇಳಿ. ನದಿಯ ತಳದ ಹೂಳು, ಮರಳು ತೆಗೆದ ಗುಂಡಿ, ಎಲ್ಲವೂ ಅವರಿಗೆ ಗೊತ್ತು.

ಇನ್ನೊಂದು ಎಚ್ಚರ. ಮೇಲ್ಭಾಗಕ್ಕೆ ಹೋದರೆ ಕಿಂಡಿ ಅಣೆಕಟ್ಟುಗಳಿವೆ. ಮಳೆಗಾಲ ಮುಗಿದ ಮೇಲೆ ಹಲಗೆ ಹಾಕಿ ಉಪ್ಪುನೀರು ತಡೆದು ಸಿಹಿನೀರು ನಿಲ್ಲಿಸುತ್ತಾರೆ. ಹಲಗೆಯ ಮೇಲಿಂದ ಬೀಳುವ ನೀರು ಬುಡದಲ್ಲಿ ಸುತ್ತುತ್ತಾ ಬಿದ್ದವರನ್ನು ಹೊರಗೆ ಬಿಡುವುದಿಲ್ಲ. ಮೇಲಿನಿಂದಾಗಲಿ ಕೆಳಗಿನಿಂದಾಗಲಿ ಅದರ ಹತ್ತಿರ ಹೋಗಬೇಡಿ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯ):

ಸರ್, ನಮಗೆ ದಾಂಡೇಲಿ ಹತ್ತಿರ. ಕಾಳಿ ನದಿಯಲ್ಲೂ ಇದೇ ಲೆಕ್ಕವೇ?

ಉತ್ತರ:

ಅಲ್ಲ. ದಾಂಡೇಲಿಯ ಹತ್ತಿರದ ಗಣೇಶಗುಡಿಯಲ್ಲಿ ಉಬ್ಬರವಿಲ್ಲ, ಅಲ್ಲಿ ನೀರನ್ನು ನಿರ್ಧರಿಸುವುದು ಸೂಪಾ ಅಣೆಕಟ್ಟು. ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಾಗ ಮಟ್ಟ ಥಟ್ಟನೆ ಏರುತ್ತದೆ. ಕಲ್ಲುಬಂಡೆಯ ಹರಿವು ಬೇರೆ. ದಾಂಡೇಲಿಯ ಸುತ್ತ ಮೊಸಳೆಗಳಿವೆ. ಸ್ವಂತವಾಗಿ ಇಳಿಯಬೇಡಿ, ಅನುಮತಿ ಪಡೆದ ಮಾರ್ಗದರ್ಶಕರೊಂದಿಗೆ, ಅವರು ಹೇಳಿದ ಭಾಗದಲ್ಲಷ್ಟೇ ಹೋಗಿ. ಹರಿಯುವ ನೀರಿಗೆ ಬಿದ್ದರೆ ನಿಲ್ಲಲು ಹೋಗಬಾರದು. ಬೆನ್ನ ಮೇಲೆ ಮಲಗಿ, ಕಾಲುಗಳನ್ನು ಹರಿವಿನ ಕಡೆಗೆ ಮೇಲೆತ್ತಿಕೊಂಡು ತೇಲಬೇಕು. ಪಾದ ಬಂಡೆಗಳ ಸಂದಿಗೆ ಸಿಕ್ಕರೆ ನೀರಿನ ಒತ್ತಡ ತಲೆಯನ್ನು ಕೆಳಗೆ ಅದುಮುತ್ತದೆ.

ಪ್ರಶ್ನೆ (ಬೆಂಗಳೂರಿನ ಸದಸ್ಯೆ):

ಕ್ಯಾಲೆಂಡರ್ ನೋಡಿ ಒಂದು ದಿನ ಹಿಂದಕ್ಕೆ ಹಾಕಿದೆವು ಸರ್. ಅಪ್ಪನಿಗೆ ಮಗುಚುವ ಭಯ ಹೋಗಿಲ್ಲ.

ಉತ್ತರ:

ಹಾಗಿದ್ದರೆ ಹೊರಡುವ ಮುಂಚೆ, ಸೊಂಟದುದ್ದದ ನೀರಿನಲ್ಲಿ, ಮಾರ್ಗದರ್ಶಕರು ಹಿಡಿದುಕೊಂಡಿರುವಾಗಲೇ ಬೇಕೆಂದೇ ಒಂದು ಸಲ ಮಗುಚಿ ನೋಡಲಿ. ಜಾಕೆಟ್ ತನ್ನನ್ನು ಮೇಲೆತ್ತುವುದನ್ನು ಮೈ ಒಮ್ಮೆ ತಿಳಿದುಕೊಂಡರೆ ಅರ್ಧ ಭಯ ಅಲ್ಲೇ ಹೋಗುತ್ತದೆ. ಮತ್ತೆ ಹತ್ತುವುದು ಹೀಗೆ: ಕಯಾಕ್‌ನ ನಡುವೆ ಕೈಯಿಟ್ಟು, ಕಾಲು ಬಡಿದು ಹೊಟ್ಟೆಯ ಮೇಲೆ ಅಡ್ಡ ಬೀಳುವುದು, ಮಗ್ಗುಲಾಗಿ ಹೊರಳಿ ಕೂರುವುದು, ಕೊನೆಯಲ್ಲಿ ಕಾಲು ಒಳಗೆಳೆದುಕೊಳ್ಳುವುದು. ಎದ್ದು ನಿಲ್ಲುವುದು ಮಾತ್ರ ಎಂದಿಗೂ ಬೇಡ.

ಅವರ ವೈದ್ಯರನ್ನು ಒಮ್ಮೆ ಕೇಳಿಬಿಡಿ. ರಕ್ತದೊತ್ತಡದ ಕೆಲವು ಮಾತ್ರೆಗಳು ಮೈಯ ನೀರಿನಂಶ ಇಳಿಸುತ್ತವೆ, ಹಾಗಾಗಿ ತಲೆಗೆ ಟೊಪ್ಪಿ, ಕುಡಿಯಲು ತಲಾ ಒಂದು ಲೀಟರ್ ನೀರು. ಜೀನ್ಸ್ ಬೇಡ, ಹಿಂದೆ ಪಟ್ಟಿಯಿರುವ ಚಪ್ಪಲಿ ಇರಲಿ. ಕನ್ನಡಕಕ್ಕೆ ದಾರ ಕಟ್ಟಿ. ಮೊಬೈಲ್ ನೀರು ಹೋಗದ ಚೀಲದಲ್ಲಿ ಮೈಮೇಲೆಯೇ ಇರಲಿ, 112 ಮತ್ತು ಕರಾವಳಿ ಕಾವಲು ಪೊಲೀಸರ 1093 ಅದರಲ್ಲಿರಲಿ. ಜಾಕೆಟ್ಟಿಗೆ ಸೀಟಿ ಕಟ್ಟಿ, ಮೂರು ಸಲ ಊದಿದರೆ ಸಹಾಯ ಬೇಕೆಂದು ಅರ್ಥ. ಎಷ್ಟು ಗಂಟೆಗೆ ಹಿಂದಿರುಗುತ್ತೀರೆಂದು ದಡದಲ್ಲಿ ಒಬ್ಬರಿಗೆ ಹೇಳಿ ಹೋಗಿ.

ಮಗಳಿಗೆ ಒಂದು ಮಾತು ತಿಳಿಸಿ: ಕಾಂಡ್ಲಾದ ಒಳಗೆ ಹೊಕ್ಕ ಮೇಲೆ ಐದು ನಿಮಿಷ ಹುಟ್ಟನ್ನು ತೊಡೆಯ ಮೇಲಿಟ್ಟು ಸುಮ್ಮನೆ ಕೂರಲಿ. ಮಿಂಚುಳ್ಳಿ ಅವಳ ಎದುರಿನ ಬೇರಿನ ಮೇಲೆಯೇ ಬಂದು ಕೂತರೂ ಕೂರಬಹುದು.