ಆರೋಪಿ ಪರ ನಿಲ್ಲೋ ಪಬ್ಲಿಕ್ ಡಿಫೆಂಡರ್ ಅಮೆರಿಕದಲ್ಲಿ ಫೆಡರಲ್ ಜಡ್ಜ್ ಆಗಬಹುದಾ? (ಪ್ರಶ್ನೋತ್ತರ)

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಚಿಕಾಗೋ ಹತ್ರ ಇರೋದು, ಮಗಳು ಲಾ ಸ್ಕೂಲ್ ಎರಡನೇ ವರ್ಷ. ದೊಡ್ಡ ಫರ್ಮ್ ಬೇಡ, ಪಬ್ಲಿಕ್ ಡಿಫೆಂಡರ್ (ಲಾಯರ್ ಇಟ್ಕೊಳೋಕೆ ದುಡ್ಡಿಲ್ಲದ ಆರೋಪಿಗೆ ಸರ್ಕಾರದ ಖರ್ಚಲ್ಲಿ ಸಿಗೋ ಲಾಯರ್) ಆಗ್ತೀನಿ ಅಂತ ಹಠ ಹಿಡಿದಿದಾಳೆ, ಮುಂದೆ ಯಾವತ್ತಾದ್ರೂ ಜಡ್ಜ್ ಆಗೋ ಆಸೆನೂ ಇದೆ. ಕಳ್ಳರು, ಡ್ರಗ್ಸ್ ಮಾರೋರ ಪರ ನಿಂತೋರನ್ನ ಯಾರು ಜಡ್ಜ್ ಮಾಡ್ತಾರೆ ಅಂತ ನಮ್ಮನೆಯವರ ವಾದ. ನೀವು ಇದೇ ಕೆಲಸದಲ್ಲಿದೀರಲ್ಲ, ನಿಜ ಏನು ಹೇಳಿ.

ಉತ್ತರ: ನಮಸ್ಕಾರ. ನಿಮ್ಮನೆಯವರ ಮಾತು ಒಂದು ಕಾಲಕ್ಕೆ ಹೆಚ್ಚುಕಡಿಮೆ ನಿಜಾನೇ ಆಗಿತ್ತು. ಫೆಡರಲ್ ಜಡ್ಜ್, ಅಂದ್ರೆ ಕೇಂದ್ರ ಸರ್ಕಾರದ ಕೋರ್ಟಿನ ಜಡ್ಜ್, ಆಗೋರಲ್ಲಿ ಪ್ರಾಸಿಕ್ಯೂಟರ್ (ಸರ್ಕಾರದ ಪರ ಆರೋಪ ಸಾಬೀತು ಮಾಡೋ ಲಾಯರ್) ಆಗಿದ್ದೋರು, ದೊಡ್ಡ ಫರ್ಮ್‌ನೋರು ಜಾಸ್ತಿ, ನಮ್ಮ ಕಡೆಯವರು ಅಪರೂಪ. ಈಗ ಬದಲಾಗಿದೆ. ನಿಮ್ಮ ಊರಿಂದಾನೇ ಉದಾಹರಣೆ ಕೊಡ್ತೀನಿ: ಚಿಕಾಗೋದಲ್ಲಿ ಕೂರೋ ಸೆವೆಂತ್ ಸರ್ಕ್ಯೂಟ್ ಅಪೀಲ್ ಕೋರ್ಟಿಗೆ 2021ರಲ್ಲಿ ಬಂದ ಕ್ಯಾಂಡೇಸ್ ಜಾಕ್ಸನ್-ಅಕಿವುಮಿ ಅಲ್ಲೇ ಫೆಡರಲ್ ಡಿಫೆಂಡರ್ ಆಫೀಸಲ್ಲಿ ಸುಮಾರು ಹತ್ತು ವರ್ಷ ಕೆಲಸ ಮಾಡಿದೋರು. ಅದಕ್ಕೂ ಮುಂಚೆ ಅಯೋವಾದ ಜೇನ್ ಕೆಲ್ಲಿ ಇದಾರೆ, 1994ರಿಂದ ಡಿಫೆಂಡರ್, 2013ರಲ್ಲಿ ಎಯ್ತ್ ಸರ್ಕ್ಯೂಟ್ ಅಪೀಲ್ ಕೋರ್ಟಿಗೆ ಹೋದ್ರು, ನೇಮಕ ಒಪ್ಪೋ ಸೆನೆಟಲ್ಲಿ 96-0, ಎರಡೂ ಪಾರ್ಟಿಯೋರು ವೋಟ್ ಹಾಕಿದ್ರು. ಕೆಟಾಂಜಿ ಬ್ರೌನ್ ಜಾಕ್ಸನ್ ಹೆಸರು ನೀವೇ ಕೇಳಿರ್ತೀರ, 2005ರಿಂದ 2007ರವರೆಗೆ ವಾಷಿಂಗ್ಟನ್ನಲ್ಲಿ ಅಸಿಸ್ಟೆಂಟ್ ಫೆಡರಲ್ ಪಬ್ಲಿಕ್ ಡಿಫೆಂಡರ್, 2013ರಲ್ಲಿ ಡಿಸ್ಟ್ರಿಕ್ಟ್ ಜಡ್ಜ್, 2021ರಲ್ಲಿ ಅಪೀಲ್ ಕೋರ್ಟ್, 2022ರಲ್ಲಿ 53-47 ವೋಟಲ್ಲಿ ಸುಪ್ರೀಂ ಕೋರ್ಟ್. ಫೆಡರಲ್ ಪಬ್ಲಿಕ್ ಡಿಫೆಂಡರ್ ಆಗಿದ್ದು ಅಲ್ಲಿಗೆ ಹೋದೋರಲ್ಲಿ ಅವರೇ ಮೊದಲು.

ನನಗೆ ಇವರೆಲ್ಲರಿಗಿಂತ ಇಷ್ಟವಾದ ಕಥೆ ರಾಬರ್ಟ್ ವಿಲ್ಕಿನ್ಸ್ ಅವರದ್ದು. ಓದಿದ್ದು ಕೆಮಿಕಲ್ ಇಂಜಿನಿಯರಿಂಗ್, ಆಮೇಲೆ ಹಾರ್ವರ್ಡ್ ಲಾ, ಆಮೇಲೆ ವಾಷಿಂಗ್ಟನ್ನಲ್ಲಿ ಪಬ್ಲಿಕ್ ಡಿಫೆಂಡರ್. 1992ರಲ್ಲಿ ಚಿಕಾಗೋದಲ್ಲಿ ತಾತನ ಅಂತ್ಯಕ್ರಿಯೆ ಮುಗಿಸಿ ಮನೆಯವರ ಜೊತೆ ಬಾಡಿಗೆ ಕಾರಲ್ಲಿ ವಾಪಸ್ ಬರ್ತಿದ್ದಾಗ ಮೇರಿಲ್ಯಾಂಡ್ ಸ್ಟೇಟ್ ಪೊಲೀಸರು ನಿಲ್ಲಿಸಿ ಕಾರು ಚೆಕ್ ಮಾಡ್ಬೇಕು ಅಂದ್ರು, ಇವರು ಕಾನೂನು ಹೇಳಿ ಒಪ್ಪಲಿಲ್ಲ, ಅದಕ್ಕೆ ಡ್ರಗ್ಸ್ ಮೂಸೋ ನಾಯಿ ತರಿಸಿ ಮನೆಮಂದೀನೆಲ್ಲ ಮಳೇಲಿ ರಸ್ತೆ ಪಕ್ಕ ನಿಲ್ಲಿಸಿದ್ರು. ಏನೂ ಸಿಗಲಿಲ್ಲ. ಮುಂದಿನ ವರ್ಷ ಅವರೇ ಪೊಲೀಸರ ಮೇಲೆ ಕೇಸ್ ಹಾಕಿದ್ರು, 1995ರಲ್ಲಿ ರಾಜಿ ಆಯ್ತು, ಯಾರನ್ನ ತಡೆದು ಹುಡುಕ್ತೀವಿ ಅಂತ ಪೊಲೀಸರು ಲೆಕ್ಕ ಇಡೋ ಹಾಗಾಯ್ತು. ಅದೇ ಮನುಷ್ಯ 2010ರಲ್ಲಿ ಡಿಸ್ಟ್ರಿಕ್ಟ್ ಜಡ್ಜ್ ಆದ್ರು, 2014ರಲ್ಲಿ ಅಪೀಲ್ ಕೋರ್ಟಿಗೆ ಹೋದ್ರು. ರಸ್ತೇಲಿ ನಿಂತೋರ ಪಾಡು ಗೊತ್ತಿರೋರು ಬೆಂಚ್ ಮೇಲೆ ಒಬ್ಬರಾದ್ರೂ ಇರ್ಬೇಕು ಅಂತ ನಾನು ನಂಬ್ತೀನಿ.

ಪ್ರಶ್ನೆ: ಮೇಡಂ, ನಾನು ಧಾರವಾಡದಲ್ಲಿ ಎಲ್‌ಎಲ್‌ಬಿ ಓದ್ತಾ ಇದೀನಿ. ಅಲ್ಲಿ ನಮ್ಮ ಸಿವಿಲ್ ಜಡ್ಜ್ ಪರೀಕ್ಷೆ ಥರ ಏನಾದ್ರೂ ಇದೆಯಾ? ಮತ್ತೆ ಇಷ್ಟು ವರ್ಷ ಆರೋಪಿ ಕಡೆ ಇದ್ದೋರು ಆಮೇಲೆ ನಿಷ್ಪಕ್ಷಪಾತ ಆಗಿರ್ತಾರೆ ಅಂತ ಹೇಗೆ ನಂಬೋದು?

ಉತ್ತರ: ಪರೀಕ್ಷೆ ಇಲ್ಲಪ್ಪ. ಪ್ರೆಸಿಡೆಂಟ್ ಹೆಸರು ಸೂಚಿಸ್ಬೇಕು, ಸೆನೆಟ್ ಒಪ್ಪಬೇಕು, ಆಮೇಲೆ ಜೀವಮಾನದ ಹುದ್ದೆ. ಡಿಸ್ಟ್ರಿಕ್ಟ್ ಜಡ್ಜ್ ವಿಷಯದಲ್ಲಿ ಆ ರಾಜ್ಯದ ಸೆನೆಟರ್‌ಗಳ ಮಾತಿಗೆ ತುಂಬಾ ತೂಕ. ನಡುವೆ ಎಫ್‌ಬಿಐ ವಿಚಾರಣೆ, ಇಷ್ಟುದ್ದದ ಪ್ರಶ್ನಾವಳಿ, ಸೆನೆಟ್ ಕಮಿಟಿ ಮುಂದೆ ಹಿಯರಿಂಗ್.

ಎರಡನೇ ಪ್ರಶ್ನೆ ಆ ಹಿಯರಿಂಗಲ್ಲೂ ಬರತ್ತೆ. ಕೆಟಾಂಜಿ ಜಾಕ್ಸನ್ ಅವರನ್ನ ಗ್ವಾಂಟನಾಮೋ (ಭಯೋತ್ಪಾದಕರು ಅನ್ನೋ ಅನುಮಾನದ ಮೇಲೆ ಹಿಡಿದೋರನ್ನ ಅಮೆರಿಕ ಇಟ್ಟ ಜೈಲು) ಕೈದಿಗಳ ಪರ ಕೆಲಸ ಮಾಡಿದ್ದಕ್ಕೆ ಕೆಲವು ಸೆನೆಟರ್‌ಗಳು ಸರಿಯಾಗೇ ಕೆದಕಿದ್ರು. ನೋಡಿ, ನಾವು ಕಕ್ಷಿದಾರನ್ನ ಆರಿಸ್ಕೊಳಲ್ಲ, ಕೋರ್ಟ್ ಒಪ್ಪಿಸತ್ತೆ. ಲಾಯರ್ ಇಟ್ಕೊಳೋಕೆ ಆಗದ ಆರೋಪಿಗೆ ಸರ್ಕಾರವೇ ಲಾಯರ್ ಕೊಡ್ಬೇಕು ಅಂತ 1963ರಲ್ಲಿ ಗಿಡಿಯನ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳ್ತು. ಗಿಡಿಯನ್ ಫ್ಲೋರಿಡಾದ ಬಡವ, ಪೂಲ್ ರೂಮಿಗೆ (ಬಿಲಿಯರ್ಡ್ಸ್ ಥರದ ಆಟ ಆಡೋ ಜಾಗ) ಕನ್ನ ಹಾಕಿದ ಅಂತ ಆರೋಪ, ಲಾಯರ್ ಕೇಳಿದ್ರೆ ಕೊಡಲಿಲ್ಲ, ಶಿಕ್ಷೆ ಆಯ್ತು, ಜೈಲಿಂದ ಪೆನ್ಸಿಲಲ್ಲಿ ಅರ್ಜಿ ಬರೆದ. ಲಾಯರ್ ಕೊಟ್ಟು ಮತ್ತೆ ವಿಚಾರಣೆ ಮಾಡಿದಾಗ ಬಿಡುಗಡೆ ಆದ! ಇನ್ನು ತಾನು ಲಾಯರ್ ಆಗಿ ನಡೆಸಿದ ಕೇಸ್ ಎದುರಿಗೆ ಬಂದ್ರೆ ಜಡ್ಜ್ ಹಿಂದೆ ಸರೀಲೇಬೇಕು, ಅದು ಕಾನೂನು. ಪ್ರಾಸಿಕ್ಯೂಟರ್ ಆಗಿ ನೂರಾರು ಜನರನ್ನ ಜೈಲಿಗೆ ಕಳಿಸಿ ಜಡ್ಜ್ ಆದೋರಿಗೆ ಈ ಅನುಮಾನದ ಪ್ರಶ್ನೆ ಯಾಕೆ ಅಷ್ಟಾಗಿ ಬರಲ್ಲ ಅಂತ ನೀವೇ ಯೋಚನೆ ಮಾಡಿ.

ಪ್ರಶ್ನೆ: ಸರಿ ಮೇಡಂ, ಆದ್ರೆ ಜಡ್ಜ್ ಆದ್ಮೇಲೆ ಕೆಲಸದಲ್ಲಿ ಏನು ವ್ಯತ್ಯಾಸ ಕಾಣತ್ತೆ? ಕಾನೂನು ಎಲ್ಲರಿಗೂ ಒಂದೇ ಅಲ್ವಾ.

ಉತ್ತರ: ಕಾನೂನು ಒಂದೇ, ಆದ್ರೆ ಎದುರಿಗೆ ನಿಂತೋನಿಗೆ ಅದು ಅರ್ಥ ಆಯ್ತಾ ಅನ್ನೋದು ಬೇರೆ. ಫೆಡರಲ್ ಕೇಸಲ್ಲಿ ಶಿಕ್ಷೆ ಆಗೋರಲ್ಲಿ 100ಕ್ಕೆ 90ಕ್ಕಿಂತ ಜಾಸ್ತಿ ಜನ ಟ್ರಯಲ್ ಇಲ್ಲದೇನೇ ತಪ್ಪೊಪ್ಕೊಳ್ತಾರೆ. ತಪ್ಪೊಪ್ಕೊಳೋ ದಿನ ಮಾರ್ಷಲ್‌ಗಳು (ಫೆಡರಲ್ ಕೋರ್ಟಿನ ಪೊಲೀಸರು) ಆರೋಪೀನ ಒಳಗಿಂದ ಕರ್ಕೊಂಡು ಬರ್ತಾರೆ, ಕಾಲಿಗೆ ಸರಪಳಿ, ಜೈಲಿನ ಬಟ್ಟೆ. ಜಡ್ಜ್ ನೇರವಾಗಿ ಅವನನ್ನೇ ಕೇಳ್ಬೇಕು: ಟ್ರಯಲ್ ಹಕ್ಕು ಬಿಡ್ತಿದೀಯ ಗೊತ್ತಾ, ಗರಿಷ್ಠ ಶಿಕ್ಷೆ ಇಷ್ಟು ಗೊತ್ತಾ, ಯಾರಾದ್ರೂ ಹೆದರಿಸಿದಾರಾ. ಪ್ರತಿ ಪ್ರಶ್ನೆಗೂ ಅವನು ನನ್ನ ಮುಖ ನೋಡಿ "ಯೆಸ್" ಅಂತಾನೆ. ಅದು ಅರ್ಥ ಆಗಿರೋ ಯೆಸ್ಸಾ, ಬೇಗ ಮುಗೀಲಿ ಅನ್ನೋ ಯೆಸ್ಸಾ ಅಂತ ಗುರುತು ಹಿಡಿಯೋದು ಅವನ ಪಕ್ಕ ನಿಂತು ಅಭ್ಯಾಸ ಇದ್ದೋರಿಗೆ ಸುಲಭ. ಅಂಥ ಜಡ್ಜ್ ಓದೋದು ನಿಲ್ಲಿಸಿ "ನಿನ್ನ ಮಾತಲ್ಲಿ ಹೇಳು, ಏನು ಅರ್ಥ ಆಯ್ತು" ಅಂತಾರೆ. ಜಾಕ್ಸನ್ ಕೂಡ ತಮ್ಮ ಹಿಯರಿಂಗಲ್ಲಿ ಇದನ್ನೇ ಹೇಳಿದ್ರು, ತಮ್ಮ ಕಕ್ಷಿದಾರರಿಗೆ ಕೋರ್ಟಲ್ಲಿ ಏನು ನಡೀತು ಅಂತಾನೇ ಗೊತ್ತಿರ್ತಿರಲಿಲ್ಲ, ಅದಕ್ಕೇ ಟ್ರಯಲ್ ಜಡ್ಜ್ ಆದ್ಮೇಲೆ ಪ್ರತಿಯೊಬ್ಬರಿಗೂ ಬಿಡಿಸಿ ಹೇಳ್ತಿದ್ದೆ ಅಂತ. ಶಿಕ್ಷೆ ಕಮ್ಮಿ ಕೊಡ್ತಾರೆ ಅಂತಲ್ಲ. ಹತ್ತು ವರ್ಷ ಕೊಟ್ರೂ ಯಾಕೆ ಕೊಟ್ರು ಅಂತ ಅವನಿಗೂ, ಹಿಂದೆ ಬೆಂಚಲ್ಲಿ ಕೂತಿರೋ ಅವನ ತಾಯಿಗೂ ತಿಳಿದಿರತ್ತೆ.

ಪ್ರಶ್ನೆ: (ಮೊದಲು ಕೇಳಿದೋಳೇ) ತುಂಬಾ ಥ್ಯಾಂಕ್ಸ್ ಮೇಡಂ, ಇದನ್ನ ನಮ್ಮನೆಯವರಿಗೂ ಓದಿಸಿದೆ. ಕೊನೇದಾಗಿ, ಲಾ ಸ್ಕೂಲ್ ಸಾಲ ತುಂಬಾ ಇದೆ, ಅದಕ್ಕೇನು ಮಾಡೋದು? ಅವಳು ಈಗ ಏನು ಮಾಡಿದ್ರೆ ಒಳ್ಳೇದು?

ಉತ್ತರ: ಡಿಫೆಂಡರ್ ಆಫೀಸ್ ಕೆಲಸ ಪಬ್ಲಿಕ್ ಸರ್ವೀಸ್ ಲೋನ್ ಫರ್ಗಿವ್‌ನೆಸ್‌ಗೆ ಸೇರತ್ತೆ, ಫೆಡರಲ್ ಸಾಲ ಆಗಿದ್ರೆ ಸರಿಯಾದ ಪ್ಲಾನಲ್ಲಿ 120 ಕಂತು ಕಟ್ಟಿದ್ಮೇಲೆ ಉಳಿದಿದ್ದು ಮನ್ನಾ. ಪ್ರೈವೇಟ್ ಸಾಲಕ್ಕೆ ಇದು ಅನ್ವಯ ಆಗಲ್ಲ, ಪತ್ರ ತೆಗೆದು ನೋಡ್ಕೊಳಿ. ಈ ಬೇಸಿಗೇಲಿ ಡಿಫೆಂಡರ್ ಆಫೀಸಲ್ಲೇ ಇಂಟರ್ನ್‌ಶಿಪ್ ಮಾಡ್ಲಿ, ಜೈಲಿಗೆ ಹೋಗಿ ಕಕ್ಷಿದಾರರ ಜೊತೆ ಕೂತು ಮಾತಾಡ್ಲಿ, ಓದು ಮುಗಿದ್ಮೇಲೆ ಯಾರಾದ್ರೂ ಫೆಡರಲ್ ಜಡ್ಜ್ ಹತ್ರ ಒಂದು ವರ್ಷ ಕ್ಲರ್ಕ್‌ಶಿಪ್ (ಜಡ್ಜ್‌ಗೆ ಕಾನೂನು ಸಹಾಯಕಿ ಆಗಿ ಕೆಲಸ) ಸಿಕ್ರೆ ಬಿಡ್ಬೇಡಿ. ಜಡ್ಜ್ ಆಗೋದಕ್ಕೆ ಪ್ರೆಸಿಡೆಂಟ್ ಯಾರು, ಸೆನೆಟ್ ಯಾರ ಕೈಲಿದೆ ಅನ್ನೋದೆಲ್ಲ ಸೇರ್ಕೊಳತ್ತೆ, ಅದನ್ನ ನಂಬ್ಕೊಂಡು ಈ ಕೆಲಸಕ್ಕೆ ಬರೋ ಹಾಗಿಲ್ಲ. ಅವಳಿಗೆ ನನ್ನ ಜೊತೆ ಮಾತಾಡ್ಬೇಕು ಅನ್ಸಿದ್ರೆ ಮೆಸೇಜ್ ಮಾಡೋಕೆ ಹೇಳಿ, ಶನಿವಾರ ಫ್ರೀ ಇರ್ತೀನಿ.